ಕ್ಯಾಮೆರಾ ಪ್ರಶ್ನೋತ್ತರ: ಎಲೆ ಹಣ್ಣಾಗುವ ಹೊತ್ತು, ಗುಡ್ಡದ ಕಾಡು

ದಸರಾ ರಜೆ ಹತ್ತಿರ ಬಂದಂತೆ ಪತ್ರಗಳೆಲ್ಲ ಒಂದೇ ದಿಕ್ಕಿಗೆ ತಿರುಗಿವೆ. ಕಾಶ್ಮೀರಕ್ಕೆ ಟಿಕೆಟ್ ಮಾಡಿಸಿದವರಿದ್ದಾರೆ, ಅಮೆರಿಕದಲ್ಲಿರುವ ಮಗನ ಮನೆಗೆ ಹೊರಟವರಿದ್ದಾರೆ, ಬೈಕ್ ಹತ್ತಿ ಗದಗ ಜಿಲ್ಲೆಯ ಕಪ್ಪತಗುಡ್ಡಕ್ಕೆ ಹೋಗಿಬರುವವರೂ ಇದ್ದಾರೆ. 'ಯಾವ ಲೆನ್ಸ್ ಕೊಳ್ಳಲಿ' ಎಂಬ ಪ್ರಶ್ನೆಗಳನ್ನು ಈ ಸಲ ಬದಿಗಿಟ್ಟಿದ್ದೇವೆ. ಕೈಯಲ್ಲಿರುವ ಲೆನ್ಸ್ ಹಿಡಿದು ಎಲ್ಲಿ, ಯಾವ ಹೊತ್ತಿಗೆ, ಯಾವ ಕಡೆ ಮುಖಮಾಡಿ ನಿಲ್ಲಬೇಕು ಎಂಬುದಕ್ಕೇ ಹೆಚ್ಚು ಜಾಗ.

ಅಕ್ಟೋಬರ್ ಕೊನೆಯ ವಾರ ಕುಟುಂಬದೊಂದಿಗೆ ಶ್ರೀನಗರಕ್ಕೆ ಹೊರಟಿದ್ದೇವೆ. ಚಿನಾರ್ ಎಲೆಯ ಬಣ್ಣವೂ ಬೇಕು, ದಾಚಿಗಾಮ್ ರಾಷ್ಟ್ರೀಯ ಉದ್ಯಾನದ ಹಂಗುಲ್ ಜಿಂಕೆಯೂ ಬೇಕು. ನನ್ನಲ್ಲಿರುವುದು ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರಿನ) ಕ್ಯಾಮೆರಾ, 18–55 ಮತ್ತು 70–300 ಎಂ.ಎಂ. ಲೆನ್ಸ್. ಇಷ್ಟರಲ್ಲಿ ಆದೀತೇ?
– ಬ್ಯಾಂಕ್ ಉದ್ಯೋಗಿ, ವಿದ್ಯಾನಗರ, ಹುಬ್ಬಳ್ಳಿ

ಧಾರಾಳವಾಗಿ ಆಗುತ್ತದೆ. ನೀವು ಆರಿಸಿದ ವಾರವೂ ಒಳ್ಳೆಯದೇ. ಕಣಿವೆಯಲ್ಲಿ ಮೊದಲು ಹಳದಿಯಾಗುವುದು ಪಾಪ್ಲರ್ ಮತ್ತು ವಿಲೋ ಮರಗಳು. ಚಿನಾರ್ ನಿಧಾನ, ಹಸಿರು ಹಳದಿಯಾಗಿ, ಹಳದಿ ತಾಮ್ರವಾಗಿ, ಕೊನೆಗೆ ಕಡುಗೆಂಪಾಗುತ್ತದೆ. ಅಕ್ಟೋಬರ್ ಕೊನೆಯಿಂದ ನವೆಂಬರ್ ಎರಡನೇ ವಾರದವರೆಗೆ ಬಣ್ಣ ತುಂಬಿರುತ್ತದೆ. ಹಜರತ್‌ಬಲ್ ಪಕ್ಕದ ನಸೀಮ್ ಬಾಗ್‌ನಲ್ಲಿ ಚಿನಾರ್ ಸಾಲುಗಳು ಒತ್ತಾಗಿವೆ. ಹತ್ತು ಗಂಟೆಯ ನಂತರ ಅಲ್ಲಿ ಜನ ಸೇರುತ್ತಾರೆ, ಅದಕ್ಕೂ ಮೊದಲೇ ಹೋಗಿ.

ಅಲ್ಲಿಯ ಬೆಳಕು ನಮ್ಮದಲ್ಲ. ನವೆಂಬರ್ 1ರಂದು ನಡುಮಧ್ಯಾಹ್ನ ಗದಗದಲ್ಲಿ ಸೂರ್ಯ ಸುಮಾರು 60 ಡಿಗ್ರಿ ಎತ್ತರದಲ್ಲಿದ್ದರೆ, ಶ್ರೀನಗರದಲ್ಲಿ 41–42 ಡಿಗ್ರಿಗೆ ನಿಲ್ಲುತ್ತಾನೆ. ನಮ್ಮ ಕಡೆ ಒಂಬತ್ತೂವರೆಗೆ ಕ್ಯಾಮೆರಾ ಚೀಲಕ್ಕೆ ಹಾಕುವ ರೂಢಿಯಿದ್ದವರು ಅಲ್ಲಿ ಮಧ್ಯಾಹ್ನವೂ ಓರೆಬೆಳಕಿನಲ್ಲಿ ಎಲೆಗಳನ್ನು ತೆಗೆಯಬಹುದು. ಆದರೆ ಕಣಿವೆಯ ಸುತ್ತ ಶಿಖರಗಳಿರುವುದರಿಂದ, ಪಂಚಾಂಗದ ಸೂರ್ಯೋದಯಕ್ಕೂ ನೆಲಕ್ಕೆ ಬಿಸಿಲು ತಾಗುವುದಕ್ಕೂ ಅಂತರ ಬಹಳ. ದಾಚಿಗಾಮ್‌ನ ಕೆಳಭಾಗದಲ್ಲಿ ಬೆಳಗಿನ ಮೊದಲ ಹೊತ್ತು ಪೂರ್ತಿ ನೆರಳು. ಆ ನೆರಳಿನಲ್ಲೇ ಪ್ರಾಣಿಗಳು ಓಡಾಡುವುದರಿಂದ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸ್ಪಂದನೆ) ಏರಿಸಲು ಹೆದರಬೇಡಿ.

ದಾಚಿಗಾಮ್ 141 ಚದರ ಕಿಲೋಮೀಟರಿನ ಉದ್ಯಾನ, ಶ್ರೀನಗರದಿಂದ ಸುಮಾರು 22 ಕಿ.ಮೀ. ಟಿಕೆಟ್ ಕೊಂಡು ಒಳಹೋಗುವ ಜಾಗವಲ್ಲ. ವನ್ಯಜೀವಿ ವಿಭಾಗದ ಅನುಮತಿ ಮೊದಲೇ ಬೇಕು. ಇಲ್ಲಿಂದ ಹೊರಡುವ ಮುಂಚೆಯೇ ಅದರ ವ್ಯವಸ್ಥೆ ಮಾಡಿಕೊಳ್ಳಿ, ಶ್ರೀನಗರ ತಲುಪಿದ ಮೇಲೆ ಕಚೇರಿ ಹುಡುಕಲು ಹೊರಟರೆ ಒಂದು ದಿನ ಹೋಗುತ್ತದೆ. ಹಂಗುಲ್ ಗಂಡುಗಳ ಬೆದೆಗಾಲ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗೆ. ನೀವು ಹೋಗುವಾಗ ಅದು ಮುಗಿಯುತ್ತ ಬಂದಿರುತ್ತದೆ, ಆದರೂ ನಸುಕು ಮತ್ತು ಸಂಜೆ ಅವುಗಳ ಕೂಗು ಕೇಳಬಹುದು. ಕೂಗು ಕೇಳಿದ ಕಡೆ ನಡೆಯಬೇಡಿ; ಗೈಡ್ ನಿಲ್ಲಿಸಿದಲ್ಲಿ ನಿಲ್ಲಿ. ಚಳಿಗಾಲಕ್ಕೆ ಮೈತುಂಬಿಸಿಕೊಳ್ಳಲು ಕರಿಕರಡಿಗಳು ಓಕ್ ಕಾಯಿ, ಅಕ್ರೋಟ ಹುಡುಕುತ್ತ ಓಡಾಡುವ ಕಾಲವೂ ಇದೇ.

ಸೆಟ್ಟಿಂಗ್ ಹೀಗಿರಲಿ: ಅಪರ್ಚರ್ ಪ್ರಯಾರಿಟಿ (ಲೆನ್ಸಿನ ಕಿಂಡಿಯ ಅಳತೆ ನಿಮ್ಮದು, ಷಟರ್ ವೇಗ ಕ್ಯಾಮೆರಾದ್ದು), ಲೆನ್ಸಿನ ಅತಿ ಅಗಲದ ಅಪರ್ಚರ್, ಆಟೊ ಐಎಸ್‌ಒ, ಅದಕ್ಕೆ ಮೇಲ್ಮಿತಿ 3200, ಕನಿಷ್ಠ ಷಟರ್ ವೇಗ 1/500 ಸೆಕೆಂಡ್. ಪ್ರಾಣಿ ನಿಂತೇ ಇದ್ದು ನಿಮಗೆ ಒರಗಲು ಮರವಿದ್ದರೆ 1/250ಕ್ಕೆ ಇಳಿಯಬಹುದು. ಕಪ್ಪು ಕಾಡಿನ ಹಿನ್ನೆಲೆಯಿದ್ದಾಗ ಬೆಳಕು ಅಳೆಯುವ ಮೀಟರ್ ಮೋಸಹೋಗಿ ಚಿತ್ರವನ್ನು ಬೆಳ್ಳಗೆ ಮಾಡುತ್ತದೆ. ಚಿತ್ರದ ಬೆಳಕು ಹೆಚ್ಚು–ಕಡಿಮೆ ಮಾಡುವ ಎಕ್ಸ್‌ಪೋಷರ್ ಕಾಂಪನ್ಸೇಷನ್ ಅನ್ನು -0.7ಕ್ಕೆ ಇಡಿ. ಚಳಿಗೆ ಉಸಿರು ಹೊಗೆಯಾಡುವುದು ಬೇಕಿದ್ದರೆ ಬೆಳಕು ಪ್ರಾಣಿಯ ಹಿಂದಿನಿಂದ ಬರಬೇಕು, ಹಿನ್ನೆಲೆ ನೆರಳಿನಲ್ಲಿರಬೇಕು. ಎರಡರಲ್ಲಿ ಒಂದು ತಪ್ಪಿದರೂ ಹೊಗೆ ಕಾಣುವುದಿಲ್ಲ.

300 ಎಂ.ಎಂ. ಲೆನ್ಸ್ ನಿಮ್ಮ ಸೆನ್ಸರ್ ಮೇಲೆ 450 ಎಂ.ಎಂ.ನಷ್ಟು ನೋಟ ಕೊಡುತ್ತದೆ. ಮುಖದ ಕ್ಲೋಸಪ್ಪಿಗೆ ಅದು ಸಾಲದು. ಹಂಗುಲ್ ಚೌಕಟ್ಟಿನ ಎಂಟನೇ ಒಂದು ಭಾಗದಷ್ಟೇ ಇದ್ದು, ಉಳಿದದ್ದೆಲ್ಲ ಹಣ್ಣೆಲೆಯ ಇಳಿಜಾರು ಇರುವ ಚಿತ್ರ ತೆಗೆಯಿರಿ. ನಮ್ಮ ಅಭಿಪ್ರಾಯದಲ್ಲಿ ಅದೇ ಹೆಚ್ಚಿನ ಚಿತ್ರ. ಕ್ಲೋಸಪ್ ನೋಡಿದರೆ ಅದು ದಾಚಿಗಾಮೋ ಮೃಗಾಲಯವೋ ತಿಳಿಯುವುದಿಲ್ಲ.

ಕಣ್ಣಿಗೆ ಉರಿಯುವಂತೆ ಕಂಡ ಹಳದಿ ಎಲೆ ಫೋಟೊದಲ್ಲಿ ಪೇಲವ. ಸ್ಯಾಚುರೇಷನ್ ಏರಿಸಿದರೆ ಅರಿಶಿನದ ಮುದ್ದೆಯಾಗುತ್ತದೆ. ತಪ್ಪು ಎಲ್ಲಿದೆ?
– ವಿದ್ಯಾರ್ಥಿ, ಧಾರವಾಡ

ಮೂರು ಕಡೆ ಇರಬಹುದು. ಮೊದಲನೆಯದು ಬೆಳಕಿನ ಬಣ್ಣಕ್ಕೆ ತಾನೇ ಹೊಂದಿಸಿಕೊಳ್ಳುವ ಆಟೊ ವೈಟ್ ಬ್ಯಾಲೆನ್ಸ್. ಚೌಕಟ್ಟಿನ ತುಂಬ ಹಳದಿಯೇ ಇದ್ದಾಗ ಕ್ಯಾಮೆರಾ ಅದನ್ನು ಬೆಳಕಿನ ದೋಷವೆಂದು ತಿಳಿದು ನೀಲಿ ಬೆರೆಸಿ ತಟಸ್ಥ ಮಾಡಲು ಹೋಗುತ್ತದೆ. ಬಿಸಿಲಿನಲ್ಲಿ 5200–5500 ಕೆಲ್ವಿನ್, ಮೋಡವಿದ್ದರೆ 6000–6500 ಎಂದು ನೀವೇ ಇಟ್ಟುಬಿಡಿ. ರಾ ಫೈಲ್‌ನಲ್ಲಿ (ಸೆನ್ಸರಿನ ಕಚ್ಚಾ ಮಾಹಿತಿ) ತೆಗೆದರೆ ಆಮೇಲೆಯೂ ಬದಲಿಸಬಹುದು. ಆದರೂ ಪರದೆಯ ಮೇಲೆ ಸರಿಯಾದ ಬಣ್ಣ ಕಂಡರೆ ಸ್ಥಳದಲ್ಲೇ ನಿರ್ಧಾರ ಸುಲಭ.

ಎರಡನೆಯದು ಬಹಳ ಜನರಿಗೆ ಗೊತ್ತಾಗುವುದಿಲ್ಲ. ಹಳದಿ, ಕಿತ್ತಳೆ, ಕೆಂಪು ಎಲೆಗಳಲ್ಲಿ ಕೆಂಪು ಚಾನೆಲ್ ಮಾತ್ರ ಮೊದಲು ತುಂಬಿ ಹೋಗುತ್ತದೆ. ಒಟ್ಟು ಬೆಳಕನ್ನು ತೋರಿಸುವ ಬಿಳಿ ಹಿಸ್ಟೋಗ್ರಾಂ (ಬೆಳಕಿನ ಹಂಚಿಕೆಯ ನಕ್ಷೆ) ನೋಡಿದರೆ ಎಲ್ಲ ಸರಿಯಿರುವಂತೆಯೇ ಕಾಣುತ್ತದೆ. ಮೆನುವಿನಲ್ಲಿ ಮೂರೂ ಬಣ್ಣ ಬೇರೆಬೇರೆಯಾಗಿ ತೋರಿಸುವ ಹಿಸ್ಟೋಗ್ರಾಂ ಆರಿಸಿ ನೋಡಿ: ಕೆಂಪಿನ ಗೆರೆ ಬಲಗೋಡೆಗೆ ಒತ್ತಿಕೊಂಡಿದ್ದರೆ ಎಲೆಯ ನರಗಳು, ಅಂಚಿನ ಛಾಯೆಗಳು ಅಳಿಸಿಹೋಗಿವೆ ಎಂದರ್ಥ. ನೀವು ಹೇಳುವ ಅರಿಶಿನದ ಮುದ್ದೆ ಇದೇ. -0.3ರಿಂದ -1ರವರೆಗೆ ಇಳಿಸಿ, ಕೆಂಪು ಗೆರೆ ಗೋಡೆ ಬಿಡುವವರೆಗೆ ಮತ್ತೆ ತೆಗೆಯಿರಿ. ನಮ್ಮ ಕಡೆಯ ಕೆಂಪು ಮಣ್ಣಿಗೂ ಮುತ್ತುಗದ ಹೂವಿಗೂ ಇದೇ ಮಾತು ಅನ್ವಯ.

ಮೂರನೆಯದು ಎಲೆಯ ಮೇಲಿನ ಹೊಳಪು. ಎಲೆಯ ಮೇಣದಂಥ ಮೈ ಆಕಾಶವನ್ನು ಪ್ರತಿಫಲಿಸಿ ಬೆಳ್ಳಗಾಗುತ್ತದೆ. ಅದರಡಿಯ ಬಣ್ಣ ಮುಚ್ಚಿಹೋಗುತ್ತದೆ. ಇದನ್ನು ತೆಗೆಯುವುದು ಪೋಲರೈಸರ್ ಎಂಬ ಫಿಲ್ಟರ್ ಮಾತ್ರ, ಕಂಪ್ಯೂಟರಿನಲ್ಲಿ ಆಗದ ಕೆಲಸ. ಸರ್ಕ್ಯುಲರ್ ಪೋಲರೈಸರ್ ಕೊಳ್ಳಿ, ಲೆನ್ಸಿನ ಮುಂದೆ ತಿರುಗಿಸುತ್ತ ಒಂದು ಎಲೆಯನ್ನೇ ನೋಡುತ್ತಿರಿ, ಹೊಳಪು ಮಾಯವಾದಲ್ಲಿ ನಿಲ್ಲಿಸಿ. ಆಕಾಶ ಕಡುನೀಲಿಯಾಗುವುದು ಸೂರ್ಯನಿಗೆ 90 ಡಿಗ್ರಿ ಅಡ್ಡಲಾಗಿ ನೋಡಿದಾಗ. 18 ಎಂ.ಎಂ.ನಲ್ಲಿ ಅಗಲವಾದ ಆಕಾಶವಿದ್ದರೆ ಒಂದು ಕಡೆ ಕಪ್ಪು, ಒಂದು ಕಡೆ ಬಿಳಿ ಪಟ್ಟಿ ಬರುತ್ತದೆ. ಆಗ ಆಕಾಶವನ್ನು ಕಡಿಮೆ ಮಾಡಿ. ಈ ಗಾಜು ಒಂದೂವರೆಯಿಂದ ಎರಡು ಸ್ಟಾಪ್ (ಪ್ರತಿ ಸ್ಟಾಪಿಗೆ ಬೆಳಕು ಅರ್ಧ) ಬೆಳಕು ತಿನ್ನುತ್ತದೆ. 1/250 ಇದ್ದದ್ದು 1/60ಕ್ಕೆ ಇಳಿದು ಗಾಳಿಗೆ ಎಲೆಯೆಲ್ಲ ಅಲುಗಾಡಿದಂತೆ ಬರುತ್ತದೆ, ಐಎಸ್‌ಒ ಏರಿಸಿ ಸರಿತೂಗಿಸಿ. ಪ್ರಾಣಿ ಕಂಡರೆ ಮೊದಲು ಅದನ್ನು ಬಿಚ್ಚಿ.

ಮೋಡದ ದಿನವನ್ನು ಶಪಿಸಬೇಡಿ. ಕಾಡಿನೊಳಗಿನ ಎಲೆಬಣ್ಣಕ್ಕೆ ತೆಳುಮೋಡವೇ ಉತ್ತಮ. ಬೆಳ್ಳಗಿನ ಆಕಾಶವನ್ನು ಮಾತ್ರ ಚೌಕಟ್ಟಿನಿಂದ ಹೊರಗಿಡಿ.

ಕಾಶ್ಮೀರ ಹೋಗುವಷ್ಟು ರೊಕ್ಕ ಇಲ್ಲ. ನಮ್ಮ ಕಪ್ಪತಗುಡ್ಡದಾಗ 'ಶರತ್ಕಾಲ' ಅಂತ ಸಿಗತದೇನ್ರಿ? ಯಾವಾಗ ಹೋಗಬೇಕು?
– ಮುಂಡರಗಿಯ ಓದುಗರು

ಎಲೆ ಕೆಂಪಾಗುವ ಶರತ್ಕಾಲ ಅಕ್ಟೋಬರಿನಲ್ಲಿ ಇಲ್ಲಿಲ್ಲ. ಇಲ್ಲಿ ಅದು ಎರಡು ಕಂತಿನಲ್ಲಿ ಬರುತ್ತದೆ. ನವೆಂಬರ್–ಡಿಸೆಂಬರಿನಲ್ಲಿ ಇಳಿಜಾರಿನ ಹುಲ್ಲು ಬಲಿತು ಹೊಂಬಣ್ಣವಾಗುತ್ತದೆ. ಇದು ಮೊದಲ ಕಂತು. ಜನವರಿ ಕೊನೆಯಿಂದ ಮಾರ್ಚ್‌ವರೆಗೆ ದಿಂಡಿಗ, ತೇಗದಂಥ ಎಲೆ ಉದುರುವ ಮರಗಳು ಬಣ್ಣ ತಿರುಗಿಸಿ ಬೋಳಾಗುತ್ತವೆ, ಅದರ ಬೆನ್ನಿಗೇ ಮುತ್ತುಗ ಹೂಬಿಡುತ್ತದೆ, ಇದು ಎರಡನೆಯದು. ಹಿಮಾಲಯದಲ್ಲಿ ಎಲೆ ಉದುರಿಸುವುದು ಚಳಿ, ನಮ್ಮಲ್ಲಿ ನೀರಿನ ಕೊರತೆ. ಮಳೆ ಬೇಗ ನಿಂತ ವರ್ಷ ಬಣ್ಣವೂ ಬೇಗ ಬರುತ್ತದೆ. ಹಿಂಗಾರು ಮಳೆ ನವೆಂಬರಿನಲ್ಲಿ ಚೆನ್ನಾಗಿ ಹಿಡಿದರೆ ಹುಲ್ಲು ಹೊನ್ನಾಗುವುದು ತಡ.

ಎರಡರಲ್ಲಿ ಹುಲ್ಲಿನ ಕಾಲವೇ ನಮ್ಮ ಆಯ್ಕೆ. ಮಳೆಯಿಂದ ಗಾಳಿಯ ದೂಳು ತೊಳೆದಿರುತ್ತದೆ, ಗುಡ್ಡದ ಹಿಂದೆ ಗುಡ್ಡ ಸ್ಪಷ್ಟ ಕಾಣುತ್ತದೆ, ಕೆಳಗೆ ಎರೆಹೊಲಗಳಲ್ಲಿ ಕಡಲೆ, ಬಿಳಿಜೋಳ ಇನ್ನೂ ಹಸಿರಾಗಿರುತ್ತವೆ. ಫೆಬ್ರುವರಿಯಲ್ಲಿ ಮಬ್ಬು ಕವಿದಿರುತ್ತದೆ. ನವೆಂಬರ್ ನಡುವೆ ಇಲ್ಲಿ ಸೂರ್ಯೋದಯ ಸುಮಾರು 6.30ಕ್ಕೆ, ಸೂರ್ಯಾಸ್ತ 5.55ಕ್ಕೆ. ನಮ್ಮ ಅಕ್ಷಾಂಶದಲ್ಲಿ ಸೂರ್ಯ ಕಡಿದಾಗಿ ಏರುವುದರಿಂದ ಹೊಂಬಿಸಿಲು ಅರ್ಧ ತಾಸಿಗಿಂತ ಹೆಚ್ಚು ಇರುವುದಿಲ್ಲ. ಹೊತ್ತು ಹುಟ್ಟಿದ ಮೇಲೆ ಗುಡ್ಡ ಹತ್ತಲು ಶುರುಮಾಡಿದರೆ ತುದಿ ಮುಟ್ಟುವಷ್ಟರಲ್ಲಿ ಬೆಳಕು ಹೋಗಿರುತ್ತದೆ. ಆದರೆ ಕತ್ತಲಲ್ಲಿ ಅಭಯಾರಣ್ಯದೊಳಗೆ ಓಡಾಡುವಂತೆಯೂ ಇಲ್ಲ. ಹೀಗಾಗಿ ಸಂಜೆಯ ಬೆಳಕು ಹೆಚ್ಚು ಅನುಕೂಲ: ಮೂರೂವರೆಗೆ ಜಾಗ ಹಿಡಿದು, ಸೂರ್ಯ ಮುಳುಗುತ್ತಲೇ ಇಳಿದುಬಿಡಬಹುದು.

ಬಿಂಕದಕಟ್ಟಿಯಿಂದ ಸಿಂಗಟಾಲೂರಿನವರೆಗೆ ಈ ಸಾಲು ವಾಯವ್ಯದಿಂದ ಆಗ್ನೇಯಕ್ಕೆ ಚಾಚಿದೆ. ಸಂಜೆ ಸಾಲಿನ ಉದ್ದಕ್ಕೂ ನೋಡಿದರೆ ಬೆಳಕು ಬದಿಯಿಂದ ಬಿದ್ದು ಪ್ರತಿ ಮಡಿಕೆಗೂ ಒಂದು ನೆರಳು ಸಿಗುತ್ತದೆ. ಇದಕ್ಕೆ ಅಗಲದ ಲೆನ್ಸ್ ಬೇಡ. ಗುಡ್ಡಗಳೆಲ್ಲ ಚಪ್ಪಟೆಯಾಗಿ ಗೆರೆಯಂತೆ ಕಾಣುತ್ತವೆ. 100–200 ಎಂ.ಎಂ., ಎಫ್/8 (ಕಿಂಡಿಯ ಅಳತೆ; ಅಂಕಿ ಹೆಚ್ಚಾದಷ್ಟೂ ಕಿಂಡಿ ಚಿಕ್ಕದು) ಇಟ್ಟು ಪದರಗಳನ್ನು ಒತ್ತಿ ಹಿಡಿಯಿರಿ. ಮುಂದೆ ಹುಲ್ಲು, ಹಿಂದೆ ಗುಡ್ಡ ಎರಡೂ ಬೇಕಿದ್ದಾಗ ಮಾತ್ರ ಅಗಲದ ಲೆನ್ಸ್. ಕ್ರಾಪ್ ಸೆನ್ಸರ್‌ನಲ್ಲಿ 18 ಎಂ.ಎಂ., ಎಫ್/8ಕ್ಕೆ ಎರಡು ಮೀಟರ್ ದೂರದ ಕಲ್ಲಿಗೆ ಫೋಕಸ್ ಮಾಡಿದರೆ ಒಂದು ಮೀಟರಿನಿಂದ ದಿಗಂತದವರೆಗೆ ಸ್ಪಷ್ಟ ಬರುತ್ತದೆ. ಎಫ್/16, ಎಫ್/22ಕ್ಕೆ ಹೋಗಬೇಡಿ. ಕಿಂಡಿ ಕಿರಿದಾದಷ್ಟೂ ಬೆಳಕು ಬಾಗಿ ಇಡೀ ಚಿತ್ರ ಮೃದುವಾಗುತ್ತದೆ.

ಗಾಳಿಯಂತ್ರಗಳು ಚಿತ್ರ ಕೆಡಿಸುತ್ತವೆ ಎಂದು ಬಹಳ ಜನ ಕಂಪ್ಯೂಟರಿನಲ್ಲಿ ಅಳಿಸುತ್ತಾರೆ. ಇರಲಿ ಬಿಡಿ. ಗುಡ್ಡದ ಎತ್ತರಕ್ಕೆ ಅಳತೆ ಸಿಗುವುದೇ ಅವುಗಳಿಂದ, ಅಲ್ಲದೆ ಇವತ್ತಿನ ಕಪ್ಪತಗುಡ್ಡ ಇರುವುದೇ ಹಾಗೆ.

244 ಚದರ ಕಿ.ಮೀ. ವ್ಯಾಪ್ತಿಯ ಈ ಗುಡ್ಡ 2019ರಿಂದ ವನ್ಯಜೀವಿಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಛಾಯಾಗ್ರಹಣಕ್ಕಾಗಿ ಒಳಹೋಗಲು ಅನುಮತಿ ಬೇಕು. ಗದಗದ ಅರಣ್ಯ ಇಲಾಖೆ ಕಚೇರಿಯಲ್ಲಿ ವಿಚಾರಿಸಿಯೇ ಹೊರಡಿ. ಹೊನ್ನಹುಲ್ಲು ಎಂದರೆ ಒಣಹುಲ್ಲು. ಬೀಡಿ, ಸಿಗರೇಟು, ಚಹಾ ಕಾಯಿಸುವ ಒಲೆ ಮನೆಯಲ್ಲೇ ಇರಲಿ; ಬೈಕಿನ ಕಾದ ಸೈಲೆನ್ಸರ್ ಹುಲ್ಲಿಗೆ ತಾಗುವಂತೆಯೂ ನಿಲ್ಲಿಸಬೇಡಿ.

ಕಪ್ಪತಗುಡ್ಡದ ಮೇಲೆ 250 ಗ್ರಾಂಗಿಂತ ಕಡಿಮೆ ತೂಕದ ಡ್ರೋನ್ ಹಾರಿಸಬಹುದಲ್ಲವೇ? ಅದಕ್ಕೆ ಲೈಸೆನ್ಸ್ ಬೇಡ ಎನ್ನುತ್ತಾರೆ.
– ಮದುವೆ ಛಾಯಾಗ್ರಾಹಕ, ಗದಗ

ಇಲ್ಲ. 2021ರ ಡ್ರೋನ್ ನಿಯಮಗಳಲ್ಲಿ ನ್ಯಾನೊ (250 ಗ್ರಾಂವರೆಗಿನ) ವರ್ಗಕ್ಕಿರುವ ರಿಯಾಯಿತಿ ಪೈಲಟ್ ಪ್ರಮಾಣಪತ್ರದಂಥ ವಿಷಯಕ್ಕೆ ಮಾತ್ರ. ವನ್ಯಜೀವಿಧಾಮದಲ್ಲಿ ಅರಣ್ಯ ಇಲಾಖೆಯ ಅನುಮತಿ ಬೇರೆಯೇ ಬೇಕು, ತೂಕ ಎಷ್ಟಾದರೂ. ಗೂಡಿನ ಮೇಲೆ ಕೂತ ಹದ್ದಿಗೆ ಅದರ ಸದ್ದು ಸಾಕು, ಎದ್ದುಬಿಡುತ್ತದೆ.

ರಾಣೆಬೆನ್ನೂರಿನ ಅಭಯಾರಣ್ಯದಲ್ಲಿ ಚಿಗರಿ (ಕೃಷ್ಣಮೃಗ) ಚಿತ್ರ ತೆಗೆದಾಗಲೆಲ್ಲ ಮಸುಕು. 600 ಎಂ.ಎಂ. ಲೆನ್ಸ್, 1/2000 ವೇಗ, ಟ್ರೈಪಾಡ್ ಎಲ್ಲ ಇವೆ. ಲೆನ್ಸ್ ಕೆಟ್ಟಿದೆಯೇ? ಗಂಡು ಚಿಗರಿಯ ಕಪ್ಪು–ಬಿಳುಪೂ ಒಟ್ಟಿಗೆ ಸರಿಬರುವುದಿಲ್ಲ.
– ಬ್ಯಾಡಗಿಯ ಓದುಗರು

ಸರ್ವಿಸ್ ಸೆಂಟರಿಗೆ ಕಳಿಸುವ ಮೊದಲು ಒಂದು ಪರೀಕ್ಷೆ. ನಿಂತ ಪ್ರಾಣಿಯ, ಇಲ್ಲವೇ ಅಷ್ಟೇ ದೂರದ ಗೂಟದ ಹತ್ತು ಚಿತ್ರಗಳನ್ನು ಸತತವಾಗಿ ತೆಗೆದು ದೊಡ್ಡದು ಮಾಡಿ ನೋಡಿ. ಹತ್ತೂ ಒಂದೇ ರೀತಿ ಮಸುಕಾಗಿದ್ದು, ಪ್ರಾಣಿಯ ಮುಂದಿನ ಅಥವಾ ಹಿಂದಿನ ಹುಲ್ಲು ಸ್ಪಷ್ಟವಿದ್ದರೆ ಫೋಕಸ್ ದೋಷ. ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕೈ ಅಲುಗಾಟ. ಒಂದರಲ್ಲಿ ಕಣ್ಣು ಸ್ಪಷ್ಟ, ಇನ್ನೊಂದರಲ್ಲಿ ಕೊಂಬು ಡೊಂಕು, ಮತ್ತೊಂದರಲ್ಲಿ ಎಲ್ಲವೂ ಕದಡಿದಂತೆ, ಹೀಗೆ ಚಿತ್ರದಿಂದ ಚಿತ್ರಕ್ಕೆ ಬದಲಾಗುತ್ತಿದ್ದರೆ ಅದು ಬಿಸಿಗಾಳಿಯ ಅಲೆ. ನಿಮ್ಮದು ಬಹುಶಃ ಈ ಮೂರನೆಯದು.

ಬಿಸಿಲಿಗೆ ಕಾದ ನೆಲ ತನ್ನ ಮೇಲಿನ ಗಾಳಿಯನ್ನು ಕಾಯಿಸುತ್ತದೆ. ಬಿಸಿ–ತಂಪು ಗಾಳಿ ಬೆರೆಯುವಲ್ಲಿ ಬೆಳಕು ಬಾಗುತ್ತ ಬರುತ್ತದೆ. 600 ಎಂ.ಎಂ. ಲೆನ್ಸ್ ಪ್ರಾಣಿಯನ್ನು ಹಿಗ್ಗಿಸುವಂತೆ ಈ ಬಾಗನ್ನೂ ಹಿಗ್ಗಿಸುತ್ತದೆ. ಹೆಚ್ಚು ಬೆಲೆಯ ಲೆನ್ಸಿಗೂ ಇದರಿಂದ ಬಿಡುಗಡೆಯಿಲ್ಲ, ಸಾಫ್ಟ್‌ವೇರಿಗೂ ಇಲ್ಲ. ಉಪಾಯ ಮೂರೇ. ಬಿಸಿಲೇರುವ ಮೊದಲು, ಎಂಟೂವರೆಯೊಳಗೆ ಕೆಲಸ ಮುಗಿಸಿ. ದೂರ ಕಡಿಮೆಯಿರುವಲ್ಲಿ ಕಾಯಿರಿ. 40 ಮೀಟರಿನಲ್ಲಿ ಕಾಣದ ಅಲೆ 150 ಮೀಟರಿನಲ್ಲಿ ಚಿತ್ರ ಕೆಡಿಸುತ್ತದೆ. ಬರಿ ಮಣ್ಣು, ಡಾಂಬರು ರಸ್ತೆಯ ಆಚೆಗಿಂತ ಹುಲ್ಲಿನ ಆಚೆ ಇರುವ ಪ್ರಾಣಿಯನ್ನು ಆರಿಸಿ. ಕಾರಿನೊಳಗಿಂದ ತೆಗೆಯುವವರು ಇನ್ನೊಂದು ಮರೆಯುತ್ತಾರೆ: ಕಾರಿನ ಒಳಗೂ ಹೊರಗೂ ಉಷ್ಣತೆ ಬೇರೆಯಾಗಿದ್ದರೆ ಕಿಟಕಿಯಲ್ಲೇ ಅಲೆ ಏಳುತ್ತದೆ. ಹತ್ತು ನಿಮಿಷ ಮೊದಲೇ ಎಲ್ಲ ಗಾಜು ಇಳಿಸಿ, ಎಂಜಿನ್ ನಿಲ್ಲಿಸಿ. ಬಾನೆಟ್ ಮೇಲಿಂದ ಹಾಯುವ ನೋಟ ಬೇಡ. ಅಗ್ಗದ ಯುವಿ ಫಿಲ್ಟರ್ ಹಾಕಿದ್ದರೆ ಅದನ್ನೂ ತೆಗೆದು ನೋಡಿ.

ಇನ್ನು ಕಪ್ಪು–ಬಿಳುಪು. ಕರಿಯ ಗಂಡು ಚೌಕಟ್ಟು ತುಂಬಿದ್ದರೆ ಮೀಟರ್ ಬೆಳಕು ಹೆಚ್ಚಿಸಿ ಹೊಟ್ಟೆಯ ಬಿಳಿ, ಕಣ್ಣಿನ ಸುತ್ತಲ ಬಿಳಿ ಉಂಗುರ ಎರಡನ್ನೂ ಸುಟ್ಟುಬಿಡುತ್ತದೆ: -0.7ರಿಂದ -1. ಅದೇ ಗಂಡು ಒಣಹುಲ್ಲಿನ ಬಯಲಿನಲ್ಲಿ ಚಿಕ್ಕದಾಗಿದ್ದರೆ ಮೀಟರ್ ನೋಡುವುದು ಹುಲ್ಲನ್ನು, ಬೆಳಕು ತಗ್ಗಿಸಿ ಕರಿಮೈಯನ್ನು ಮಸಿ ಮಾಡುತ್ತದೆ: +0.3. ಒಂದೇ ಪ್ರಾಣಿ, ಎದುರುಬದುರು ತಿದ್ದುಪಡಿ. ಬಿಳಿ ಸುಟ್ಟಲ್ಲಿ ಮಿಟುಕಿ ತೋರಿಸುವ ಎಚ್ಚರಿಕೆಯನ್ನು ಮೆನುವಿನಲ್ಲಿ ಚಾಲೂ ಮಾಡಿಕೊಳ್ಳಿ. ಬಿಳಿಯನ್ನು ಉಳಿಸಿ, ಕಪ್ಪನ್ನು ರಾ ಫೈಲ್‌ನಿಂದ ಮೇಲೆತ್ತಬಹುದು.

1974ರಲ್ಲಿ ಚಿಗರಿಗಾಗಿಯೇ ಘೋಷಿಸಿದ ಈ ಅಭಯಾರಣ್ಯದ ವಿಸ್ತೀರ್ಣ 119 ಚದರ ಕಿ.ಮೀ.; ಬಹುಭಾಗ ನೀಲಗಿರಿ ನೆಡುತೋಪು. ಕಾಂಡಗಳ ಗೆರೆಗಳು ಕೊಂಬಿನ ಜೊತೆ ಗೋಜಲಾಗದಂತೆ ಬಯಲಿನ ಅಂಚುಗಳನ್ನು ಹುಡುಕಿ. ಓಟದ ಚಿತ್ರಕ್ಕಾಗಿ ಹಿಂಡಿನ ಹಿಂದೆ ಗಾಡಿ ಓಡಿಸುವವರಿದ್ದಾರೆ. ಅದು ಅಪರಾಧವಂತೂ ಹೌದು, ಚಿತ್ರವೂ ಬರೀ ಬಾಲದ್ದೇ. ಓಟದ ಹಿನ್ನೆಲೆ ಹರಿದಂತೆ ಬರಬೇಕೆಂದರೆ 1/60 ವೇಗದಲ್ಲಿ ಕ್ಯಾಮೆರಾವನ್ನು ಪ್ರಾಣಿಯ ಜೊತೆ ಸರಿಸುವ ಕೈಚಳಕ ಬೇಕು. ಅಭ್ಯಾಸಕ್ಕೆ ಹುಬ್ಬಳ್ಳಿ–ಧಾರವಾಡದ ಬಿಆರ್‌ಟಿಎಸ್ (ತ್ವರಿತ ಬಸ್ ಸೇವೆ) ರಸ್ತೆಯ ಫುಟ್‌ಪಾತ್ ಸಾಕು: ಪ್ರತ್ಯೇಕ ಪಥದಲ್ಲಿ ಒಂದೇ ವೇಗದಲ್ಲಿ ಬರುವ ಆ ಬಸ್ಸಿನ ಹೆಸರೂ 'ಚಿಗರಿ'ಯೇ.

ಲೆನ್ಸಿಗೆ ಆಸರೆಯಾಗಿ ಕಾರಿನ ಕಿಟಕಿಗೆ ಇಡುವ ಬೀನ್ ಬ್ಯಾಗ್ ಮನೆಯಲ್ಲೇ ಹೊಲಿಯಬಹುದೇ? ಏನು ತುಂಬಬೇಕು?
– ಗೃಹಿಣಿ, ಹಾವೇರಿ

ಹಳೆಯ ಜೀನ್ಸ್ ಪ್ಯಾಂಟಿನ ಕಾಲು 35 ಸೆಂ.ಮೀ. ಉದ್ದ ಕತ್ತರಿಸಿ, ಒಂದು ಬಾಯಿ ಎರಡು ಸುತ್ತು ಹೊಲಿದು, ಇನ್ನೊಂದಕ್ಕೆ ಜಿಪ್ ಹಾಕಿ. ಮುಕ್ಕಾಲು ಭಾಗ ಮಾತ್ರ ತುಂಬಿ. ಪೂರ್ತಿ ಬಿಗಿದರೆ ಲೆನ್ಸ್ ಕೂರುವ ಬದಲು ಉರುಳುತ್ತದೆ. ಮೆಕ್ಕೆಜೋಳ ಎರಡು–ಎರಡೂವರೆ ಕೆ.ಜಿ. ಹಿಡಿಸುತ್ತದೆ, ನಿಮ್ಮ ಜಿಲ್ಲೆಯಲ್ಲಿ ಅದಕ್ಕೆ ಬರವೂ ಇಲ್ಲ. ಅಕ್ಕಿ ಬೇಡ, ಹಿಟ್ಟುದೂಳು ಲೆನ್ಸಿನ ಉಂಗುರಗಳಿಗೆ ಸೇರುತ್ತದೆ. ಕಾಳನ್ನು ಒಳಗೊಂದು ತೆಳು ಬಟ್ಟೆಚೀಲಕ್ಕೆ ಹಾಕಿ ಇಟ್ಟರೆ ಕಾಡಿನಲ್ಲಿ ಚೆಲ್ಲುವುದಿಲ್ಲ. ನುಸಿ ಹತ್ತುವುದರಿಂದ ಮಳೆಗಾಲದ ಮೊದಲು ಬದಲಿಸಿ. ವಿಮಾನದಲ್ಲಿ ಖಾಲಿ ಚೀಲ ಒಯ್ದು, ಇಳಿದ ಊರಿನ ಕಿರಾಣಿ ಅಂಗಡಿಯಲ್ಲಿ ತುಂಬಿಸಿಕೊಳ್ಳಿ. ಬ್ಯಾಡಗಿ ಮೆಣಸಿನಕಾಯಿ ಇಟ್ಟಿದ್ದ ಚೀಲ ಮಾತ್ರ ಎಷ್ಟು ಒಗೆದಿದ್ದರೂ ಇದಕ್ಕೆ ಬೇಡ. ಕಣ್ಣು ಅದರ ಹತ್ತಿರವೇ ಇರುತ್ತದೆ.

ಮಾಗಡಿ ಕೆರೆಗೆ ಚಳಿಗಾಲದಲ್ಲಿ ಮಕ್ಕಳನ್ನು ಕರೆದೊಯ್ಯುತ್ತೇವೆ. ಪಟ್ಟೆತಲೆ ಹೆಬ್ಬಾತುಗಳು ಹಾರುವಾಗ ತೆಗೆದ ಚಿತ್ರಗಳಲ್ಲಿ ಬರೀ ಬಾಲ, ಅದೂ ಕಪ್ಪಗೆ. ಎಲ್ಲಿ ನಿಲ್ಲಬೇಕು?
– ಶಿಕ್ಷಕಿ, ಲಕ್ಷ್ಮೇಶ್ವರ

ಪ್ರಶ್ನೆ ಸರಿಯಾಗಿದೆ: ಇಲ್ಲಿ ಸೆಟ್ಟಿಂಗಿಗಿಂತ ನಿಲ್ಲುವ ಜಾಗವೇ ಮುಖ್ಯ. ಬಾತುಗಳು ನೀರಿನಿಂದ ಏಳುವುದೂ ನೀರಿಗೆ ಇಳಿಯುವುದೂ ಗಾಳಿಗೆ ಎದುರಾಗಿ. ಚಳಿಗಾಲದಲ್ಲಿ ನಮ್ಮ ಬಯಲುಸೀಮೆಗೆ ಬೀಸುವುದು ಹೆಚ್ಚಾಗಿ ಮೂಡಗಾಳಿ. ಈ ಹೆಬ್ಬಾತುಗಳು ಸಂಜೆ ಹೊಲಗಳಿಗೆ ಮೇಯಲು ಹೋಗಿ, ಬೆಳಿಗ್ಗೆ ಕೆರೆಗೆ ಮರಳುತ್ತವೆ. ಮೂರನ್ನೂ ಕೂಡಿಸಿ ನೋಡಿ: ಬೆಳಿಗ್ಗೆ ಕೆರೆಯ ಪೂರ್ವದ ಕಡೆ, ನಿಲ್ಲಲು ಅವಕಾಶವಿರುವಲ್ಲಿ, ಪಶ್ಚಿಮಕ್ಕೆ ಮುಖಮಾಡಿ ನಿಂತರೆ ಸೂರ್ಯನೂ ಗಾಳಿಯೂ ನಿಮ್ಮ ಬೆನ್ನಿಗೆ. ಇಳಿಯುವ ಬಾತು ನಿಮಗೆ ಮುಖಕೊಟ್ಟು, ಎದೆಯ ಮೇಲೆ ಬಿಸಿಲು ಹೊತ್ತು ಬರುತ್ತದೆ. ಎದುರುದಡದಲ್ಲಿ ನಿಂತವರಿಗೆ ನೀವು ಹೇಳುವ ಕಪ್ಪು ಬಾಲ. ಹೊರಡುವ ಮುನ್ನ ಒಂದು ಚಿಟಿಕೆ ಮಣ್ಣು ಗಾಳಿಗೆ ಬಿಟ್ಟು ದಿಕ್ಕು ನೋಡಿ. ಗಾಳಿ ತಿರುಗಿದ್ದರೆ ಲೆಕ್ಕವೂ ತಿರುಗುತ್ತದೆ.

ಸಂಜೆ ಈ ಅನುಕೂಲವಿಲ್ಲ. ಸೂರ್ಯ ಪಶ್ಚಿಮದಲ್ಲಿ, ಹಕ್ಕಿ ಏಳುವುದು ಪೂರ್ವಕ್ಕೆ. ಆಗ ಅದೇ ಪೂರ್ವದಡದಿಂದ ಕೆಂಪು ಆಕಾಶಕ್ಕೆದುರಾಗಿ ಬರೀ ನೆರಳುಚಿತ್ರ ತೆಗೆಯಿರಿ, -1ಕ್ಕೆ ಇಳಿಸಿ.

ಬೆಳಗಿನ ಚಿತ್ರಕ್ಕೆ 1/2500, ಎಫ್/6.3ರಿಂದ ಎಫ್/8, ಆಟೊ ಐಎಸ್‌ಒ, ಸತತ ಫೋಕಸ್. ಹಿನ್ನೆಲೆ ಬೆಳ್ಳನೆ ಆಕಾಶವಾದರೆ +1, ಕೆರೆಯಾಚೆಯ ಕಡುಹಸಿರಾದರೆ 0. ಹಕ್ಕಿ ಹತ್ತಿರ ಬಂದ ಮೇಲೆ ಫೋಕಸ್ ಹುಡುಕಿದರೆ ಸಿಗುವುದಿಲ್ಲ. ದೂರದಲ್ಲೇ ಹಿಡಿದು ಜೊತೆಗೇ ಬನ್ನಿ.

ಮಕ್ಕಳಿಗೆ ಒಂದು ಗುರುತು ಹೇಳಿಕೊಡಿ: ನೀರಿನಲ್ಲಿ ತಲೆ ಹುದುಗಿಸಿ ಕೂತ ಬಾತುಗಳು ಒಂದೊಂದಾಗಿ ಕತ್ತು ನೆಟ್ಟಗೆ ಮಾಡಿದರೆ ನಾವು ಹತ್ತಿರವಾದೆವು ಎಂದರ್ಥ, ಅಲ್ಲೇ ಕೂರಬೇಕು. ಮಧ್ಯ ಏಷ್ಯಾದ ಕಡೆಯಿಂದ ಹಿಮಾಲಯ ದಾಟಿ ಬಂದ ಹಕ್ಕಿಗಳಿಗೆ ಹಗಲಿನ ಈ ವಿಶ್ರಾಂತಿ ಬೇಕು. 2024ರಲ್ಲಿ ಮಾಗಡಿ ಕೆರೆ ರಾಮ್‌ಸಾರ್ ಪಟ್ಟಿಗೆ (ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿ) ಸೇರಿದ ಮೇಲೆ ನೋಡಲು ಬರುವವರು ಹೆಚ್ಚಿದ್ದಾರೆ. ಗುಂಪಾಗಿ ಹೋದರೆ ಬಿಳಿ ಸಮವಸ್ತ್ರದ ಮೇಲೊಂದು ಮಾಸಲು ಬಣ್ಣದ ಸ್ವೆಟರ್ ಇರಲಿ.

ಬಂಕಾಪುರ ಕೋಟೆಗೆ ಅಕ್ಟೋಬರಿನಾಗ ಹೋಗಿದ್ವಿ. ನವಿಲಿಗೆ ಗರಿನೇ ಇಲ್ರಿ! ಏನಾಗೇತಿ?
– ಪಿಯುಸಿ ವಿದ್ಯಾರ್ಥಿ, ಶಿಗ್ಗಾವಿ

ರೋಗವೇನಲ್ಲ. ಗಂಡು ನವಿಲು ಪ್ರತಿವರ್ಷ ಮಳೆಗಾಲದ ಕೊನೆಗೆ ಉದ್ದ ಗರಿಗಳನ್ನು ಉದುರಿಸುತ್ತದೆ. ಹೊಸದು ಬೆಳೆದು ಪೂರ್ತಿಯಾಗಲು ಫೆಬ್ರುವರಿ ಬರಬೇಕು. ಕುಣಿಯುವ ನವಿಲು ಬೇಕಿದ್ದರೆ ಏಪ್ರಿಲಿನಿಂದ ಮಳೆಗಾಲದ ಮೊದಲ ತಿಂಗಳವರೆಗೆ ಹೋಗಿ. ಗರಿಯ ನೀಲಿ–ಹಸಿರು ಬಣ್ಣ ಗರಿಯ ಸೂಕ್ಷ್ಮ ರಚನೆಯಿಂದ ಹುಟ್ಟುವುದು, ಕೋನ ಬದಲಾದರೆ ಬಣ್ಣವೂ ಬದಲು. ಸೂರ್ಯ ನಿಮ್ಮ ಭುಜದ ಹಿಂದಿರಲಿ. ಅಕ್ಟೋಬರಿನಲ್ಲಿ ಹೋದವರು ಕತ್ತು–ಮುಖದ ಚಿತ್ರ ತೆಗೆಯಬಹುದು. ಆ ನೀಲಿ ಎಲ್ಲಿಗೂ ಹೋಗಿರುವುದಿಲ್ಲ.

ಸೆಪ್ಟೆಂಬರಿನಲ್ಲಿ ಡೆನ್ವರ್‌ನ ಮಗನ ಮನೆಗೆ ಹೋಗುತ್ತಿದ್ದೇವೆ. ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನ ತೋರಿಸುತ್ತಾನಂತೆ. ನನಗೆ 66, ಮನೆಯವರಿಗೆ 62. ಫೋಟೊಗೆ ಏನು ನೋಡಿಕೊಳ್ಳಬೇಕು?
– ನಿವೃತ್ತ ಪ್ರಾಧ್ಯಾಪಕರು, ಸಪ್ತಾಪುರ, ಧಾರವಾಡ

ಸಾಧ್ಯವಾದರೆ ಸೆಪ್ಟೆಂಬರ್ ಕೊನೆಯ ಹತ್ತು ದಿನ ಆರಿಸಿ. ಆಸ್ಪೆನ್ ಮರಗಳು ಹಳದಿಯಾಗುವುದೂ, ಎಲ್ಕ್ ಜಿಂಕೆಗಳ ಬೆದೆಗಾಲವೂ ಒಟ್ಟಿಗೆ ಸಿಗುವುದು ಆಗ. ಆಸ್ಪೆನ್ ಒಂದೇ ಬೇರಿನಿಂದ ಹಲವು ಕಾಂಡವಾಗಿ ಏಳುವ ಮರ. ಹೀಗಾಗಿ ಒಂದು ಗುಂಪು ಪೂರ್ತಿ ಹಳದಿಯಾಗಿದ್ದರೆ ಪಕ್ಕದ್ದು ಹಸಿರೇ ಇರುತ್ತದೆ. ಆ ಗಡಿಯನ್ನೇ ಚಿತ್ರ ಮಾಡಿ. ಸೂರ್ಯನಿಗೆ ಎದುರಾಗಿ ನಿಂತು, ಲೆನ್ಸಿಗೆ ಟೊಪ್ಪಿಗೆಯ ನೆರಳು ಹಿಡಿದು ತೆಗೆದರೆ ಎಲೆ ಒಳಗಿನಿಂದ ಬೆಳಗುತ್ತದೆ.

ಎಲ್ಕ್ ಸೇರುವುದು ಮೊರೇನ್ ಪಾರ್ಕ್, ಹಾರ್ಸ್‌ಶೂ ಪಾರ್ಕ್ ಎಂಬ ಹುಲ್ಲುಗಾವಲುಗಳಲ್ಲಿ. ರಸ್ತೆಬದಿಯಿಂದಲೇ ಕಾಣುವುದರಿಂದ ನಿಮಗೆ ನಡೆಯುವ ಶ್ರಮವಿಲ್ಲ. ಬೆದೆಗಾಲದಲ್ಲಿ ಸಂಜೆಯಿಂದ ಬೆಳಗಿನವರೆಗೆ ಹುಲ್ಲುಗಾವಲಿಗೆ ಇಳಿಯುವುದನ್ನು ನಿಷೇಧಿಸುತ್ತಾರೆ. ಎಲ್ಕ್‌ನಿಂದ 75 ಅಡಿ, ಮೂಸ್ ಎಂಬ ಭಾರಿ ಜಿಂಕೆ ಮತ್ತು ಕರಡಿಯಿಂದ 120 ಅಡಿ ದೂರ ಕಡ್ಡಾಯ. ಯೆಲ್ಲೊಸ್ಟೋನ್‌ಗೂ ಹೋಗುವುದಾದರೆ ಅಲ್ಲಿ ಕರಡಿ, ತೋಳಕ್ಕೆ 100 ಗಜ, ಉಳಿದ ಪ್ರಾಣಿಗಳಿಗೆ 25 ಗಜ. ಅಳತೆಯಿಲ್ಲದೆ ತಿಳಿಯಲು ಕೈ ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ ಹೆಬ್ಬೆರಳು ಎತ್ತಿ. ಪ್ರಾಣಿ ಬೆರಳಿನ ಹಿಂದೆ ಪೂರ್ತಿ ಮರೆಯಾಗದಿದ್ದರೆ ಹಿಂದೆ ಸರಿಯಿರಿ. ಬೆದೆಯಲ್ಲಿರುವ ಗಂಡು ಕಾರಿಗೂ ಗುದ್ದುತ್ತದೆ.

ಟ್ರೇಲ್ ರಿಡ್ಜ್ ರಸ್ತೆಯ ತುದಿ 12,183 ಅಡಿ, ಅಂದರೆ 3,700 ಮೀಟರಿಗೂ ಹೆಚ್ಚು. ಧಾರವಾಡ ಸುಮಾರು 750 ಮೀಟರ್. ಡೆನ್ವರ್‌ನಲ್ಲಿ ಎರಡು–ಮೂರು ದಿನ ಕಳೆದ ಮೇಲೆಯೇ ಹತ್ತಿ, ನಿಮ್ಮ ವೈದ್ಯರನ್ನು ಮೊದಲೇ ಕೇಳಿ. ಟ್ರೈಪಾಡ್ ಹೊರುವ ಕೆಲಸ ಮಗನಿಗೆ ಬಿಡಿ. ಪ್ರವೇಶಕ್ಕೆ ಸಮಯ ಕಾಯ್ದಿರಿಸುವ ಪದ್ಧತಿಯಿದೆ, ಅದನ್ನೂ ಅವನೇ ಮುಂಚೆ ನೋಡಿಕೊಳ್ಳಲಿ.

ಲಡಾಖ್‌ನ ಚಳಿಯಲ್ಲಿ ಬ್ಯಾಟರಿ ಅರ್ಧ ದಿನಕ್ಕೇ ಸತ್ತಿತು. ಹೋಟೆಲಿಗೆ ಬಂದರೆ ಲೆನ್ಸ್ ಮೇಲೆಲ್ಲ ನೀರು. ತಡೆಯುವುದು ಹೇಗೆ?
– ಓದುಗರು, ಹಳೇ ಹುಬ್ಬಳ್ಳಿ

ಬ್ಯಾಟರಿ ಸತ್ತಿರಲಿಲ್ಲ. ಚಳಿಗೆ ಲಿಥಿಯಂ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗಿ, ಕ್ಯಾಮೆರಾಕ್ಕೆ ಬೇಕಾದ ವೋಲ್ಟೇಜ್ ಸಿಗದೆ 'ಖಾಲಿ' ಎಂದು ತೋರಿಸುತ್ತದೆ. ಬಿಸಿಯಾದರೆ ಬಹುಪಾಲು ಮರಳುತ್ತದೆ. ಎರಡು ಹೆಚ್ಚುವರಿ ಬ್ಯಾಟರಿ ಅಂಗಿಯ ಒಳಜೇಬಿನಲ್ಲಿ ಮೈಗೆ ತಾಗುವಂತಿರಲಿ, ತಣ್ಣಗಾದದ್ದನ್ನು ಒಳಗಿಟ್ಟು ಬೆಚ್ಚಗಿರುವುದನ್ನು ಹಾಕುತ್ತ ಹೋಗಿ. ವಿಮಾನದಲ್ಲಿ ಬಿಡಿ ಬ್ಯಾಟರಿ, ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು.

ನೀರು ಬರುವುದು ಬೆಚ್ಚನೆ ಕೋಣೆಯ ತೇವದ ಗಾಳಿ ತಣ್ಣನೆ ಲೋಹ, ಗಾಜಿಗೆ ತಾಗಿದಾಗ. ಬಾಗಿಲ ಹೊರಗೇ ಮೆಮೊರಿ ಕಾರ್ಡ್ ತೆಗೆದುಕೊಂಡು, ಕ್ಯಾಮೆರಾವನ್ನು ಜಿಪ್ ಇರುವ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಾಳಿ ಒತ್ತಿ ಮುಚ್ಚಿ, ಒಂದೆರಡು ತಾಸು ಹಾಗೇ ಬಿಡಿ. ನೀರು ಕಟ್ಟುವುದು ಚೀಲದ ಹೊರಮೈಗೆ. ಕಾರ್ಡ್ ಕೈಯಲ್ಲಿದ್ದರೆ ಚಿತ್ರ ನೋಡುವ ಆತುರಕ್ಕೆ ಚೀಲ ಬಿಚ್ಚುವ ಪ್ರಸಂಗವೂ ಬರುವುದಿಲ್ಲ.

ಗುಡ್ಡದ ಬುಡದಲ್ಲಿ ಮರಿಗಳೊಂದಿಗೆ ತೋಳ ಕಂಡಿತು, ಫೋಟೊ ಚೆನ್ನಾಗಿ ಬಂದಿದೆ. ಇನ್‌ಸ್ಟಾಗ್ರಾಂನಲ್ಲಿ ಹಾಕಬಹುದೇ? ಮತ್ತೆ ಹೋಗಿ ತೆಗೆಯಬೇಕೆಂದೂ ಇದೆ.
– ಯುವ ಓದುಗರು, ಡಂಬಳ

ಮತ್ತೆ ಹೋಗಬೇಡಿ. ಗುಹೆಯ ಹತ್ತಿರ ಮನುಷ್ಯರ ಓಡಾಟ ಹೆಚ್ಚಿದರೆ ತಾಯಿ ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಬೇರೆಡೆ ಸಾಗಿಸುತ್ತದೆ. ದಾರಿಯಲ್ಲಿ ನಾಯಿಗಳ ಬಾಯಿಗೆ ಬೀಳುವ ಅಪಾಯವಿದೆ. ಕುರಿಗಾಹಿಗಳಿಗೆ ತೋಳದ ಮೇಲಿರುವ ಸಿಟ್ಟೂ ನಿಮಗೆ ಗೊತ್ತೇ ಇದೆ. ಸುದ್ದಿ ತಿಳಿಯಬೇಕಾದದ್ದು ಅರಣ್ಯ ಇಲಾಖೆಗೆ ಮಾತ್ರ.

ಚಿತ್ರ ಹಾಕಲೇಬೇಕೆಂದರೆ ಮರಿಗಳು ದೊಡ್ಡವಾಗಿ ಜಾಗ ಬಿಟ್ಟ ಮೇಲೆ, ತಿಂಗಳುಗಳ ನಂತರ ಹಾಕಿ. ಅದಕ್ಕೂ ಮೊದಲು ಫೋನಿನ ಗ್ಯಾಲರಿಯಲ್ಲಿ ಚಿತ್ರದ ವಿವರ ತೆರೆದು ಲೊಕೇಶನ್ ಅಳಿಸಿ, ಕ್ಯಾಮೆರಾ ಆ್ಯಪ್‌ನ ಲೊಕೇಶನ್ ಟ್ಯಾಗ್ ಸಹ ಬಂದ್ ಮಾಡಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಆ ಮಾಹಿತಿ ಹೋಗುವುದಿಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಹೋಗುತ್ತದೆ. ಅಕ್ಷಾಂಶ–ರೇಖಾಂಶ ಅಳಿಸಿದರೂ ಹಿನ್ನೆಲೆಯಲ್ಲಿ ಗುರುತಿನ ಬಂಡೆ, ಗುಡಿಯ ಶಿಖರ, ಗಾಳಿಯಂತ್ರ ಕಾಣುತ್ತಿದ್ದರೆ ಊರಿನವರಿಗೆ ಜಾಗ ತಿಳಿಯಲು ಅಷ್ಟೇ ಸಾಕು. ಅದನ್ನು ಕತ್ತರಿಸಿ, ಊರಿನ ಹೆಸರಿನ ಬದಲು 'ಗದಗ ಜಿಲ್ಲೆ' ಎಂದಷ್ಟೇ ಬರೆಯಿರಿ.